ಮೊದಲು ರುಚಿ, ಹೆಸರು ಆಮೇಲೆ

ವಾಣಿಶ್ರೀ ಬೀರಿನ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದಳು, ಅದನ್ನು ತಂದಿಟ್ಟವನ ಮುಖ ನೋಡಬಾರದೆಂದು.

ಜಹೀರಾಬಾದ್ ದಾಟಿದ ಮೇಲೆ ಹೈವೇ ಪಕ್ಕಕ್ಕೆ ಇರುವ ಸಣ್ಣ ಬೀರ್ ಘಟಕ ಅದು. ಹೈದರಾಬಾದಿನ ಒಂದು ಹೋಟೆಲ್ ಕಂಪನಿಗೆ ಜ್ಯೂಸು, ಸೋಡಾ, ಬೀರು ಎಲ್ಲ ರುಚಿ ನೋಡಿ ಆರಿಸಿಕೊಡುವುದು ಅವಳ ಕೆಲಸ. ಬಶೀರಾಬಾದಿನಲ್ಲಿರುವ ಅವ್ವ ಗುರುಲಿಂಗಮ್ಮನಿಗೆ ಮಾತ್ರ ಮಗಳು ಜ್ಯೂಸ್ ಕಂಪನಿಯಲ್ಲಿದ್ದಾಳೆ ಅಂತಲೇ ಗೊತ್ತು.

ಬೆಳಗಿನಿಂದ ತಿರುಗಿ ಕಾಲು ದಣಿದಿದ್ದವು, ನಾಲಿಗೆ ದಣಿದಿತ್ತು. ಅದಕ್ಕಿಂತ ಹೆಚ್ಚಾಗಿ, ಬಂದ ಸಂಬಂಧಗಳಿಗೆಲ್ಲ ಬೇಡ ಬೇಡ ಎಂದು ಹೇಳಿ ಮನಸ್ಸೇ ದಣಿದಿತ್ತು. ಈಗ ನಾರಾಯಣಖೇಡದ ಬಟ್ಟೆ ಅಂಗಡಿಯವರು ಕೇಳಿದ್ದಾರೆ. ಒಳ್ಳೆಯ ಜನ. ಇವತ್ತು ಸಂಜೆ ಅವ್ವ ಫೋನ್ ಮಾಡಿದಾಗ ಹೂಂ ಅಂದುಬಿಟ್ಟರೆ ಮುಗಿಯಿತು ಎಂದುಕೊಂಡೇ ಹೊರಟಿದ್ದಳು. ಕಂಪನಿಯವರು ಘಟಕದ ಹೆಸರಷ್ಟೇ ಹೇಳಿದ್ದರು. ಬಾಗಿಲು ತಳ್ಳಿದರೆ ಎದುರಿಗೆ ಲಿಂಗರಾಜ.

"ಬರ್ರಿ ಮೇಡಂ, ಕುಂದರ್ರಿ."

ಮೇಡಂ! ಹಣ್ಣಿನ ರಸದ ಫ್ಯಾಕ್ಟರಿಯಲ್ಲಿ ಜೊತೆಗೆ ಕೆಲಸ ಮಾಡುವಾಗ ಅವಳ ಡಬ್ಬಿಯಿಂದ ಉಪ್ಪಿನಕಾಯಿ ಕದಿಯುತ್ತಿದ್ದವನಿಗೆ ಈಗ ಅವಳು ಮೇಡಂ. ಗಡ್ಡದಲ್ಲಿ ಅಲ್ಲಲ್ಲಿ ಬಿಳಿ ಕೂದಲು, ಕಣ್ಣ ಕೆಳಗೆ ಕಪ್ಪು. ನೋಡಿ ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

"ಇದರ ಹೆಸರು..." ಅವನು ಶುರುಮಾಡಿದ.

"ಹೆಸರು ಆಮ್ಯಾಲ ಹೇಳ್ರಿ. ಮೊದಲು ರುಚಿ." ಅದು ಅವಳ ನಿಯಮ. ಹೆಸರು ಮೊದಲು ಕೇಳಿದರೆ ನಾಲಿಗೆ ಹೆಸರಿಗೇ ಮರುಳಾಗುತ್ತದೆ.

ಒಂದು ಗುಟುಕು ಕುಡಿದಳು. ಅವಳನ್ನೇ ನೋಡುತ್ತಿದ್ದವನು ತನ್ನ ಮೇಲ್ದುಟಿಯನ್ನು ಬೆರಳಿಂದ ಮುಟ್ಟಿ ತೋರಿಸಿದ. ನೊರೆ! ಅವಳು ಗಡಬಡಿಸಿ ಒರೆಸಿಕೊಂಡಳು. ನಗು ಮುಚ್ಚಲು ಅವನು ಆ ಕಡೆ ತಿರುಗಿದ.

"ಮೋಸಂಬಿ ಅಲ್ಲ. ಸಂತ್ರಾನೂ ಅಲ್ಲ," ಎಂದಳು ಬಿಗಿಯಾಗಿ.

"ಮತ್ತೇನು? ಹೇಳ್ರಿ ನೋಡೋಣು."

ಇನ್ನೊಂದು ಗುಟುಕು. ಹಸಿರು ಸಿಪ್ಪೆಯ ಘಮ, ಅದರ ಹಿಂದೆಯೇ ಹಲ್ಲು ಜುಂ ಎನ್ನಿಸುವ ಹುಳಿ. ಬಶೀರಾಬಾದಿನ ಹಿತ್ತಲು, ಉಪ್ಪು ಸವರಿದ ಹೋಳುಗಳನ್ನು ಬಿಸಿಲಿಗಿಡುವ ಅವ್ವ, ಎಲ್ಲ ಒಮ್ಮೆಲೇ ನೆನಪಾಯಿತು.

"ಕಂಚಿಕಾಯಿ! ಉಪ್ಪಿನಕಾಯಿ ಹಾಕೋದು ಬಿಟ್ಟು ಬೀರಿಗೆ ಹಾಕೀರೇನ್ರಿ?"

"ನಿಮ್ಮ ಡಬ್ಬಿ ರುಚಿ ಹತ್ತಿತ್ತು. ಏನು ಮಾಡಲಿ?"

"ಹೆಸರು ಲಿಂಗರಾಜ, ಮಾಡೋದು ಬೀರು. ಮನ್ಯಾಗ ಏನಂತಾರ್ರಿ?"

"ನಮ್ಮ ಸೋದರತ್ತಿ ಗೇಟಿನ ತನಕ ಬರ್ತಾಳ. ಒಳಗ ಕಾಲಿಡಂಗಿಲ್ಲ. ಅಲ್ಲೇ ನಿಂತು ಬೈದು ಹೋಗ್ತಾಳ."

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಇನ್ನೊಂದು ಗುಟುಕು ಕುಡಿದಳು.

"ಕಡೀಕ ಕಹಿ ಉಳೀತದ," ಅಂದಳು ಮೆಲ್ಲಗೆ. "ಸಿಪ್ಪಿ ಒಳಗಿಂದು ಬಿಳೀದು ತೆಗದಿಲ್ಲ ನೀವು."

"ಗೊತ್ತದ್ರಿ. ಬೇಕಂತಲೇ ಬಿಟ್ಟೀನಿ. ಹೆಸರು ನೋಡಿದ್ರ ಯಾಕಂತ ತಿಳೀತದ."

ಗೋಡೆಗೆ ಮುಖ ಮಾಡಿ ಇಟ್ಟಿದ್ದ ಪಾಟಿಯನ್ನು ಅವನು ತಿರುಗಿಸಿದ. ಬಳಪದಲ್ಲಿ ಒಂದೇ ಮಾತು ಬರೆದಿತ್ತು: ಬರ್ತೀನ್ರಿ.

ನಮ್ಮ ಕಡೆ ಹೊರಡುವಾಗ ಯಾರೂ ಹೋಗ್ತೀನಿ ಅನ್ನುವುದಿಲ್ಲ. ಅಪಶಕುನ. ಹೋಗುವವರೆಲ್ಲ ಬರ್ತೀನಿ ಅಂತಲೇ ಹೋಗುತ್ತಾರೆ, ಮತ್ತೆಂದೂ ಬರದವರು ಕೂಡ.

"ತಾಂಡೂರ್ ಬಸ್ ಸ್ಟ್ಯಾಂಡಿನ್ಯಾಗ ನೀವು ಹೇಳಿ ಹೋದ ಮಾತು," ಅಂದ ಲಿಂಗರಾಜ. "ಹೋಗೋರ ಮಾತು. ಅದಕ್ಕ ಕಡೀಕ ಕಹಿ."

ವಾಣಿಶ್ರೀ ಗ್ಲಾಸು ಕೆಳಗಿಟ್ಟಳು. ಅವತ್ತು ಅವನು ಫ್ಯಾಕ್ಟರಿ ಬಿಟ್ಟು ಈ ಕೆಲಸಕ್ಕೆ ಹೊರಟಿದ್ದ. ಅವಳ ಬಸ್ಸು ಸ್ಟಾರ್ಟ್ ಆಗಿತ್ತು. ಕಂಡಕ್ಟರ್ ಸೀಟಿ ಊದುತ್ತಿದ್ದ.

"ಲಿಂಗರಾಜರ, ಅವತ್ತು ನನಗ ಏನಂತ ಕೇಳಿದ್ರಿ?"

"ನಮ್ಮನಿಗೆ ಬರ್ತೀರೇನ್ರಿ ಅಂತ. ಸೊಸಿಯಾಗಿ."

"ಅದಕ್ಕ ನಾ ಏನಂದೆ?"

ಅವನು ಹೇಳಲು ಬಾಯಿ ತೆರೆದ. ಪಾಟಿಯ ಕಡೆ ನೋಡಿದ. ತಾನೇ ಬರೆದ ಅಕ್ಷರಗಳನ್ನು ಈಗಷ್ಟೇ ಓದುತ್ತಿರುವಂತೆ ನೋಡಿದ.

"ಬಸ್ ಬಂದಿತ್ತಲ್ರಿ..." ಅಂದ ಕಡೆಗೆ. "ಬೀರ್ ಮಾಡೋನ ಮನಿ ಬ್ಯಾಡಂತ ಮಾತು ಹಾರಿಸಿ ಹೊಂಟ್ರಿ ಅಂತ ತಿಳಕೊಂಡೆ."

"ಬಸ್ಸೂ ಬಂದಿತ್ತು. ಜವಾಬೂ ಕೊಟ್ಟಿದ್ದೆ!" ಅಂದಳು. "ಊರು ಬರೋ ತನಕ ವೇಲು ಬಾಯಿಗೆ ಹಿಡಕೊಂಡು ನಕ್ಕೀನ್ರಿ ನಾನು. ಇವತ್ತು ನಿಮ್ಮ ಹಿರೇರು ಬರ್ತಾರ, ನಾಳೆ ಬರ್ತಾರ ಅಂತ ಬಾಗಿಲು ಕಾದೀನಿ. ಕೇಳಿದೋರು ಬರಬೇಕಲ್ರಿ, ನಾ ಹೆಂಗ ಫೋನ್ ಮಾಡಿ ಕರೀಲಿ? ನೀವು ನೋಡಿದ್ರ ಇಲ್ಲಿ ಕುಂತು ಅದಕ್ಕ ಬೀರ್ ಮಾಡೀರಿ!"

ಅವನು ಬಾಟಲಿ ಕ್ರೇಟಿನ ಮೇಲೆ ಕುಸಿದು ಕುಳಿತ. "ಮತ್ತೊಮ್ಮೆ ಕೇಳಿದ್ರ ಕಾಡಿಸಿದಂಗ ಆಗ್ತದ ಅಂತ ಸುಮ್ಮನಾದೆ. ತಪ್ಪಾತು, ವಾಣಿ."

ಮೇಡಂ ಹೋಗಿ ವಾಣಿ ಬಂದಿತ್ತು. ಬೈಯಲು ಅವಳಲ್ಲಿ ಇನ್ನೂ ಬೇಕಾದಷ್ಟಿತ್ತು, ತ್ರಾಣ ಇರಲಿಲ್ಲ. ಅಳುವೋ ನಗುವೋ ಎರಡೂ ಸೇರಿ ಬಂತು. ಅವನು ನೀರಿನ ಲೋಟ ಮುಂದೆ ಸರಿಸಿದ.

ಫೋನ್ ರಿಂಗಾಯಿತು. ಅವ್ವ. ನಾರಾಯಣಖೇಡದವರು ಕಾಯ್ತಿದ್ದಾರೆ, ಏನು ಹೇಳಲಿ ಅಂತ ಕೇಳಿದಳು.

"ಬ್ಯಾಡಂತ ಹೇಳವ್ವ," ಅಂದಳು ವಾಣಿಶ್ರೀ. ಈ ಬೇಡ ಹೇಳಲು ಮಾತ್ರ ದಣಿವಾಗಲಿಲ್ಲ.

ಲಿಂಗರಾಜ ತಲೆ ಎತ್ತಿ ನೋಡುತ್ತಿದ್ದ. "ಹಂಗಾದ್ರ... ಮತ್ತೊಮ್ಮೆ ಕೇಳಲೇನು?"

"ಬ್ಯಾಡ. ನೀವು ಕೇಳಿ, ನಾ ಬರ್ತೀನಿ ಅಂದು, ಮತ್ತ ತಪ್ಪು ತಿಳಕೊಂಡ್ರ?"

ಬಂದಾಗಿನಿಂದ ಹೆಗಲಿಂದ ಇಳಿಸದೇ ಇದ್ದ ಬ್ಯಾಗನ್ನು ತೆಗೆದು ಮೇಜಿನ ಮೇಲಿಟ್ಟಳು. ಪಾಟಿಯ ಮೇಲಿನ ಮಾತು ತಿದ್ದಲು ಬಳಪ ಕೊಡಿ ಎಂಬಂತೆ ಅವನ ಕಡೆ ಕೈ ಚಾಚಿದಳು. ಅವನು ಬಳಪದ ಬದಲು ತನ್ನ ಕೈ ಕೊಟ್ಟ.

"ಬಂದೀನ್ರಿ," ಅಂದಳು.