ಎರಡು ಆಸ್ಪಿರಿನ್

ಸೂಜಿ ತೆಗೆದ ಮೇಲೆ ಟ್ಯೂಷನ್ ಮೇಷ್ಟ್ರ ತೋಳಿಗೆ ಹತ್ತು ನಿಮಿಷ ಹತ್ತಿ ಒತ್ತಿ ಹಿಡಿಯಬೇಕು. ಅವನ ರಕ್ತ ಹುಟ್ಟಿನಿಂದಲೇ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಒತ್ತುವ ಕೆಲಸ ವಾರ್ಡಿನ ಹೊಸ ಆಯಾಳದು.

"ಇಷ್ಟು ಹೊತ್ತು ನನ್ನ ಕೈ ಯಾರೂ ಹಿಡಿದಿಲ್ಲ, ಸಿಸ್ಟರ್."

"ನಾನು ಸಿಸ್ಟರ್ ಅಲ್ಲ, ಆಯಾ."

"ಬದುಕಿದೆ. ಹಾಗೆ ಕರೆಯೋಕೆ ನಂಗೂ ಮನಸ್ಸಿರಲಿಲ್ಲ."

ಅವಳು ಗೋಡೆಯತ್ತ ತಿರುಗಿದಳು. ಕಿವಿಯ ತುದಿ ಕೆಂಪಾದದ್ದು ಅವನಿಗೆ ಕಂಡೇ ಕಂಡಿತು.

ಅವನು ವಾರ್ಡಿಗೆ ಸೇರಿದ ಎಂಟನೆಯ ದಿನ, ಒಳಗೇ ರಕ್ತ ಸೋರಿ ಮೊಣಕಾಲು ಬಾತುಕೊಂಡಿತು. ಮಂಚದ ಕಂಬಿ ಹಿಡಿದು ಹಲ್ಲು ಕಚ್ಚಿದ್ದ. ನರ್ಸ್ ಪಕ್ಕದ ವಾರ್ಡಿನಲ್ಲಿದ್ದರು. ಅವಳು ತನ್ನ ತಲೆನೋವಿಗೆಂದು ಇಟ್ಟುಕೊಂಡಿದ್ದ ಮಾತ್ರೆ ಕೊಟ್ಟಳು, ಮಧ್ಯಾಹ್ನ ಇನ್ನೊಂದು. ಅವನು ಯಾವ ಮಾತ್ರೆಯೆಂದು ಕೇಳದೆ ನುಂಗಿದ. ಏನು ಕೊಡಬಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಮೂಗಿನಿಂದ ರಕ್ತ ಶುರುವಾಯಿತು. ಹೆಪ್ಪುಗಟ್ಟಿಸುವ ಇಂಜೆಕ್ಷನ್ ಎರಡು ಸಲ ಕೊಟ್ಟರೂ ನಿಲ್ಲಲಿಲ್ಲ.

"ಬೇರೆ ಮಾತ್ರೆ ಏನಾದ್ರೂ ತಗೊಂಡ್ರಾ?" ಡಾಕ್ಟರ್ ಕೇಳಿದರು.

"ಇಲ್ಲ."

ಡಾಕ್ಟರ್ ಹೊರಗೆ ಹೋದ ಕೂಡಲೇ ಅವಳು ಬಗ್ಗಿದಳು. "ಸುಳ್ಳು ಯಾಕೆ ಹೇಳಿದ್ರಿ?"

"ಯಾವ ಮಾತ್ರೆ ಅದು?"

"ಆಸ್ಪಿರಿನ್."

ಅವನು ಕಣ್ಣು ಮುಚ್ಚಿದ. "ಅದು ರಕ್ತ ಗಟ್ಟಿಯಾಗೋಕೇ ಬಿಡಲ್ಲ. ಸುಮ್ಮನಿರು. ನಿನ್ನ ಕೆಲಸ ಹೋಗತ್ತೆ."

"ಹೇಳದಿದ್ರೆ?"

ಅವನ ಗದ್ದದ ಕೆಳಗೆ ಹಿಡಿದ ಬಟ್ಟಲು ತುಂಬುತ್ತಿತ್ತು.

ಅವಳು ಬಾಗಿಲಿಗೆ ಓಡಿದಳು. "ಡಾಕ್ಟರ್! ನಾನು ಕೊಟ್ಟೆ. ಆಸ್ಪಿರಿನ್. ನಿನ್ನೆ, ಎರಡು."

ಡಾಕ್ಟರ್ ಓಡಿ ಬಂದರು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ತರಿಸಲು ಕೂಗಿದರು. "ನೀನು ಕೋಟು ಬಿಚ್ಚಿಟ್ಟು ಹೊರಡು. ಮತ್ತೆ ಈ ವಾರ್ಡಿಗೆ ಬರಬೇಡ."

"ದಡ್ಡಿ," ಎಂದ ಅವನು, ರಕ್ತ ಮೆತ್ತಿದ ತುಟಿಯಲ್ಲಿ.

ಅವಳು ಗುಂಡಿ ಬಿಚ್ಚುತ್ತಿದ್ದಳು. "ಕೆಲಸ ಎಲ್ಲಾದ್ರೂ ಸಿಗತ್ತೆ, ಮೇಷ್ಟ್ರೇ. ನೀವು ಎಲ್ಲಿ ಸಿಗ್ತೀರಿ?"

ನಗಲು ಹೋಗಿ ಅವನು ಕೆಮ್ಮಿದ. ನರ್ಸ್ ಪರದೆ ಎಳೆದರು.

ಹೊರಗಿನ ಬೆಂಚಿನಲ್ಲಿ ಆಗಷ್ಟೇ ಬಂದ ಅವನ ತಾಯಿ ಕೂತಿದ್ದರು. ಬಾಗಿಲ ಬಳಿಯೇ ನಿಂತ ಹುಡುಗಿಯನ್ನು ನೋಡಿ ಕೇಳಿದರು, "ನೀನು ಅವನಿಗೆ ಏನಾಗಬೇಕಮ್ಮ?"

"ಅವರಿಗೆ ಆಗದ ಮಾತ್ರೆ ಕೊಟ್ಟವಳು, ಅಮ್ಮ. ಗೊತ್ತಿಲ್ಲದೆ."

ಯಾರೋ ರಕ್ತದ ಬಟ್ಟಲು ಹೊರಗೆ ಒಯ್ದರು. ಇನ್ನೊಂದು ಒಳಗೆ ಹೋಯಿತು.

ಪಕ್ಕದಲ್ಲಿಟ್ಟಿದ್ದ ಚೀಲವನ್ನು ತಾಯಿ ಮಡಿಲಿಗೆ ಎಳೆದುಕೊಂಡರು.

"ಕೂತ್ಕೋ."