ಕಟಕ್ ಎನ್ನದ ಬಾಟಲಿ

ಬೆಳಗ್ಗೆ ಏಳಕ್ಕೆ ಲಾಡ್ಜಿನ ಎರಡನೇ ಮಹಡಿಯಲ್ಲಿ ನಾಲ್ವರು ಪ್ರವಾಸಿಗರು ಒಂದೇ ಬಾಗಿಲಿಗೆ ಸರದಿ ನಿಂತಿದ್ದರು. ಬಾಗಿಲು ಶೌಚಾಲಯದ್ದು. ಕಾಯುವ ತಾಳ್ಮೆ ಒಬ್ಬರಿಗೂ ಇರಲಿಲ್ಲ. ಇದ್ದದ್ದೆಲ್ಲ ರಾತ್ರಿಯೇ ಹರಿದುಹೋಗಿತ್ತು. ಎಂಟಕ್ಕೆ ಡಾಕ್ಟರು ಬಂದು ಡ್ರಿಪ್ ಹಾಕಿದರು. ಒಂಬತ್ತಕ್ಕೆ ಆಹಾರ ಇಲಾಖೆಯ ಇನ್‌ಸ್ಪೆಕ್ಟರ್ ಬಂದಳು.

ಇಲಾಖೆಯಲ್ಲಿ ಅವಳಿಗೆ ಮೂಗಮ್ಮ ಎಂದೇ ಹೆಸರು. ಹಳಸಿದ್ದನ್ನು ಹತ್ತು ಮಾರು ದೂರದಿಂದ ಹಿಡಿಯುವ ಮೂಗು. ಹಾಗಂತ ಮೂಗಿಯೇನಲ್ಲ. ಮೇಲಧಿಕಾರಿಯಿಂದ ಮಿಕ್ಸಿಯವರೆಗೆ ಯಾವ ದನಿಯನ್ನಾದರೂ ಬಾಯಲ್ಲೇ ಅನುಕರಿಸಿ ತೋರಿಸುವಳು.

ಮೆಟ್ಟಿಲ ಬಳಿಯೇ ಟೂರ್ ಗೈಡ್ ಕಾದಿದ್ದ. ಕನ್ನಡಿಯಂಥ ಬೋಳುತಲೆ, ಗರಿಗರಿ ಅಂಗಿ. ಕೇಸನ್ನು ಆತ ಆಗಲೇ ಬಗೆಹರಿಸಿಯಾಗಿತ್ತು. ನಿನ್ನೆ ಬಸ್ ನಿಲ್ದಾಣದ ಗಾಡಿಯಲ್ಲಿ ಯಾರು ಎಷ್ಟು ಬ್ರೆಡ್ ಆಮ್ಲೆಟ್ ತಿಂದರು ಎಂದು ಪಟ್ಟಿಯನ್ನೇ ಬರೆದು ತಂದಿದ್ದ.

"ಬೀದಿ ತಿಂಡಿ ಬೇಡ ಅಂತ ಬಡ್ಕೊಂಡೆ ಮೇಡಂ. ಕುಡಿಯೋಕೆ ಸೀಲ್ ಆದ ನೀರು ಕೊಟ್ಟೆ. ಅವರ ಬಾಯಿಗೂ ಸೀಲ್ ಹಾಕೋಕಾಗುತ್ತಾ?"

ಅಷ್ಟರಲ್ಲಿ ಮೇಲಧಿಕಾರಿಯ ಫೋನು. ಸಂಜೆ ನಾಲ್ಕರೊಳಗೆ ಗಾಡಿಗೆ ಬೀಗ ಬೀಳಬೇಕು, ಪರವಾನಗಿ ರದ್ದಾಗಬೇಕು. ನೋಟಿಸು ಟೈಪಾಗಿಯೇ ಬಂದಿತ್ತು, ಅವಳ ಸಹಿಯೊಂದು ಬಾಕಿ.

* * *

ಗಾಡಿಯವಳನ್ನು ನಿಲ್ದಾಣದಲ್ಲಿ ಎಲ್ಲರೂ ಅಕ್ಕ ಅನ್ನುತ್ತಿದ್ದರು. ಹನ್ನೊಂದು ವರ್ಷದಿಂದ ಅದೇ ಮೂಲೆ. ಪರವಾನಗಿ ಹೋದರೆ ಆ ಮೂಲೆಗೆ ಇಪ್ಪತ್ತು ಜನ ಕಾದು ಕೂತಿದ್ದರು. ಇವಳಿಗೆ ಬೇರೆ ಮೂಲೆ ಇರಲಿಲ್ಲ.

ಮೂಗಮ್ಮ ಎಣ್ಣೆ ಮೂಸಿದಳು. ತಾಜಾ. ಮೊಟ್ಟೆಗಳನ್ನು ನೀರಿಗೆ ಹಾಕಿದಳು, ಒಂದೂ ತೇಲಲಿಲ್ಲ. ಗಿರಾಕಿ ಕೇಳಿದ ಮೇಲೆ, ಅವರ ಕಣ್ಣೆದುರೇ ಮೊಟ್ಟೆ ಒಡೆಯುವುದು ಅಕ್ಕನ ರೀತಿ. ತಟ್ಟೆಯಿಲ್ಲ, ಕಾಗದದಲ್ಲೇ ಕೊಡುವುದು. ಕುಡಿಯುವ ನೀರನ್ನಂತೂ ಇಡುತ್ತಲೇ ಇರಲಿಲ್ಲ.

"ಬಿಂದಿಗೆ ಇಟ್ರೆ ನೂರು ಕೈ ಬೀಳುತ್ತೆ, ಹೆಸರು ಮಾತ್ರ ನಂದು ಹಾಳಾಗುತ್ತೆ," ಎಂದಳು ಅಕ್ಕ.

ಒಂದೇ ಒಂದು ಅನುಮಾನ: ಬೆಳಗ್ಗೆಯೇ ಹೆಚ್ಚಿಟ್ಟ ಹಸಿ ಈರುಳ್ಳಿ. ಆದರೆ ನಿನ್ನೆ ಅದನ್ನು ಹಿಡಿಗಟ್ಟಲೆ ಮುಕ್ಕಿದವನು ಪ್ರವಾಸದ ಬಸ್ಸಿನ ಡ್ರೈವರು. ಅವನೋ ಗುಂಡುಕಲ್ಲಿನ ಹಾಗೆ ಟೈರು ಬದಲಿಸುತ್ತಿದ್ದ. ಎರಡು ಆಮ್ಲೆಟ್ ಹೊಡೆದ ಅಜ್ಜಿಯೊಬ್ಬರು ಬಸ್ಸಿನಲ್ಲಿ ಗೊರಕೆ ಹೊಡೆಯುತ್ತಿದ್ದರು. ಹೆಚ್ಚು ತಿಂದವರೇ ಗಟ್ಟಿ.

* * *

ಮೂಗಮ್ಮ ಲಾಡ್ಜಿಗೆ ಮರಳಿ ಪಟ್ಟಿ ಹಿಡಿದು ಕೂತಳು. ಮೂರನೆಯ ಹೆಸರು ನಿವೃತ್ತ ಮೇಷ್ಟ್ರದ್ದು. ಎದುರಿಗೆ 'ಎರಡು ಪ್ಲೇಟು' ಎಂದಿದ್ದುದನ್ನು ಓದಿ ಹೇಳಿದಳು. ಡ್ರಿಪ್ ಹಾಕಿಸಿಕೊಂಡಿದ್ದ ಮೇಷ್ಟ್ರು ಮಲಗಿದ್ದಲ್ಲೇ ಕೆರಳಿದರು.

"ನಾನು? ಬೀದಿಯಲ್ಲಿ? ನಲವತ್ತು ವರ್ಷ ಮಕ್ಕಳಿಗೆ ಬೇಡ ಅಂತ ಹೇಳಿದೋನಮ್ಮ ನಾನು. ಮನೆಯಿಂದ ತಂದ ಬಿಸ್ಕತ್ತು ಬಿಟ್ರೆ ನಿನ್ನೆ ಏನೂ ಮುಟ್ಟಿಲ್ಲ."

"ನೀರು?"

"ಗೈಡ್ ಕೊಟ್ಟ ಬಾಟಲಿದು. ಸೀಲ್ ನಾನೇ ಕಿತ್ತಿದ್ದು."

ಮೂಗಮ್ಮ ತುಟಿಯಲ್ಲೇ ಸದ್ದು ಮಾಡಿದಳು. ಮುಚ್ಚಳದ ಮೇಲಿನ ಪ್ಲಾಸ್ಟಿಕ್ ತೊಗಲು ಹರಿಯುವ ಪರ್ರ್. ಮುಚ್ಚಳ ಮೊದಲ ಸಲ ತಿರುಗುವಾಗಿನ ಕಟಕ್. ಇವೆರಡೂ ಕೇಳಿಸಿದವೇ ಎಂದಳು.

ಮೇಷ್ಟ್ರು ಕಣ್ಣು ಮುಚ್ಚಿ ಯೋಚಿಸಿದರು. ಪರ್ರ್ ಹೌದು. ಕಟಕ್ ಇಲ್ಲ. ಉಳಿದ ಮೂವರನ್ನೂ ಬೇರೆ ಬೇರೆಯಾಗಿ ಕೇಳಿದಳು. ಅವರದೂ ಅದೇ ಉತ್ತರ.

ಬಸ್ಸಿನ ಕಸದ ಬುಟ್ಟಿಗೆ ಮೊಣಕೈವರೆಗೆ ಕೈಯಿಳಿಸಿದಳು. ಹದಿನಾಲ್ಕು ಖಾಲಿ ಬಾಟಲಿ. ಒಂದೊಂದೂ ತಿಂಗಳುಗಟ್ಟಲೆ ಉರುಳಾಡಿದಂತೆ ತರಚಿತ್ತು. ಗೈಡ್‌ನ ಚೀಲ ತೆರೆಸಿದಾಗ ಸಿಕ್ಕಿದ್ದು ಪ್ಲಾಸ್ಟಿಕ್ ತೊಗಲುಗಳ ಕಟ್ಟು. ಜೊತೆಗೊಂದು ಕೂದಲು ಒಣಗಿಸುವ ಯಂತ್ರ.

ಮೂಗಮ್ಮ ಯಂತ್ರವನ್ನು ನೋಡಿದಳು. ಗೈಡ್‌ನ ತಲೆಯನ್ನು ನೋಡಿದಳು.

"ಯಾರ ಕೂದಲಿಗಪ್ಪಾ ಇದು?"

* * *

ಲಾಡ್ಜಿನ ಊಟದ ಕೋಣೆಯಲ್ಲಿ ಎಲ್ಲರೆದುರು ಬಿಡಿಸಿ ಹೇಳಿದಳು. ಗಾಡಿಯ ತಿಂಡಿಯೇ ಕಾರಣವಾಗಿದ್ದರೆ ಡ್ರೈವರು, ಅಜ್ಜಿ ಮೊದಲು ಮಲಗಬೇಕಿತ್ತು. ತಿನ್ನದ ಮೇಷ್ಟ್ರು ಮಲಗಬಾರದಿತ್ತು. ಬಾಟಲಿ ನೀರು ಕುಡಿದದ್ದು ಮಲಗಿದ ಈ ನಾಲ್ವರು ಮಾತ್ರ. ಡ್ರೈವರಿಗೆ ಮನೆಯ ಫ್ಲಾಸ್ಕಿತ್ತು. ಅಜ್ಜಿಗೆ ಕುದಿಸಿದ ಚಹಾ ಬಿಟ್ಟರೆ ಬೇರೇನೂ ಗಂಟಲಿಗಿಳಿಯದು. ಖಾಲಿ ಬಾಟಲಿಗೆ ಸಿಕ್ಕ ನೀರು ತುಂಬಿ, ತೊಗಲು ತೊಡಿಸಿ, ಬಿಸಿಗಾಳಿ ಬಿಟ್ಟರೆ ಅದು ಮುದುಡಿ ಹೊಸದರಂತೆ ಕೂರುತ್ತದೆ. ಆದರೆ ಒಮ್ಮೆ ಮುರಿದ ಮುಚ್ಚಳ ಮತ್ತೆ ಕಟಕ್ ಎನ್ನುವುದಿಲ್ಲ.

"ನಿಮ್ಮ ತಪ್ಪು ಒಂದೇ," ಎಂದಳು ಗೈಡ್‌ನತ್ತ ತಿರುಗಿ. "ಪಟ್ಟೀನ ಯಾರನ್ನೂ ಕೇಳದೆ ಬರೆದ್ರಿ. ಕಾಯಿಲೆ ಬಿದ್ದೋರೆಲ್ಲ ಗಾಡೀಲಿ ತಿಂದೇ ಇರ್ತಾರೆ ಅಂದ್ಕೊಂಡ್ರಿ."

ಗೈಡ್ ಬೆವರು ಒರೆಸಿಕೊಂಡ. "ಲಾಡ್ಜಿನ ಟ್ಯಾಂಕಿನ ನೀರೇ ಮೇಡಂ. ಇಷ್ಟು ವರ್ಷ ಯಾರಿಗೂ ಏನೂ ಆಗಿರ್ಲಿಲ್ಲ."

ಇಷ್ಟು ವರ್ಷ ಎಂಬುದನ್ನು ಮೂಗಮ್ಮ ಅಡಿಗೆರೆ ಎಳೆದು ಬರೆದುಕೊಂಡಳು. ಅವಳು ಮೊದಲೇ ಕರೆಸಿ ಬಾಗಿಲಲ್ಲಿ ನಿಲ್ಲಿಸಿದ್ದ ಪೊಲೀಸಿನವನು ಒಳಗೆ ಬಂದ.

* * *

ಮೂರೂಮುಕ್ಕಾಲಿಗೆ ಗಾಡಿಯ ಮುಂದೆ ನಿಂತು ನೋಟಿಸನ್ನು ನಾಲ್ಕು ಚೂರು ಮಾಡಿದಳು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆ ಹಚ್ಚಿದಳು. ಬೆಳಗಿನಿಂದ ಮೂಗಮ್ಮನ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಆಮ್ಲೆಟ್ ಸಿದ್ಧವಾದಾಗ ಅದರ ಕಾಗದಕ್ಕೆ ಕೈ ಚಾಚಿದಳು.

ಅಕ್ಕ ಆಮ್ಲೆಟ್ಟನ್ನು ತನ್ನತ್ತ ಎಳೆದುಕೊಂಡಳು.

"ಕಸದ ಬುಟ್ಟಿಗೆ ಕೈ ಹಾಕಿದ್ರಂತೆ. ಡ್ರೈವರಣ್ಣ ಹೇಳ್ದ. ಎದುರಿಗೆ ನಲ್ಲಿ ಇದೆ. ಸೋಪು ತಗೊಳ್ಳಿ."

ಆಹಾರ ಇಲಾಖೆಯ ಇನ್‌ಸ್ಪೆಕ್ಟರ್ ಸೋಪು ಹಿಡಿದು, ತುಟಿ ಪಿಟಕ್ಕೆನ್ನದೆ ನಲ್ಲಿಯ ಕಡೆ ನಡೆದಳು.