ಕಳೆ ಎಂದು ಕಿತ್ತದ್ದು

ಟೈಲರ್ ಮೊದಲ ದಿನ ತೋಟಕ್ಕೆ ಬಂದಾಗ ಅವನ ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಅಂಗಡಿ ಮುಚ್ಚಿ ನೇರವಾಗಿ ಬಂದಿದ್ದ, ತೆಗೆದಿಡಲು ಮರೆತಿದ್ದ. ಗೇಟಿನ ಬಳಿ ನಿಂತಿದ್ದ ತೋಟದ ಸಂಘದ ಕಾರ್ಯದರ್ಶಿ ಅದನ್ನು ನೋಡಿ, ಗಿಡಗಳಿಗೂ ಅಂಗಿ ಹೊಲಿಯುವ ವಿಚಾರವೋ ಎಂದು ಕೇಳಿದ. ಈ ಕಾರ್ಯದರ್ಶಿ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ನಿವೃತ್ತನಾದ ಮೇಲೂ ಜನರನ್ನು ‘ಒಳಗೆ ನಡೀರಿ, ಒಳಗೆ ನಡೀರಿ’ ಎಂದು ತಳ್ಳುವ ಚಾಳಿ ಬಿಟ್ಟಿರಲಿಲ್ಲ. ಟೈಲರನ್ನೂ ಹಾಗೆಯೇ ತಳ್ಳಿಕೊಂಡು ಬಂದು ಅವಳ ಮುಂದೆ ನಿಲ್ಲಿಸಿದ.

“ಇವರು ನಮ್ಮ ಎಕ್ಸ್‌ರೇ ಮೇಡಂ. ಸ್ವಲ್ಪ ಹುಷಾರು, ಒಳಗೆ ಏನಿದೆ ಅಂತ ನೋಡಿಬಿಡ್ತಾರೆ.”

ಅವಳು ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿದ್ದಳು. ಕಿಟಕಿಯಿಲ್ಲದ ಕೋಣೆ, ಬೆಳಗಿನಿಂದ ಸಂಜೆಯವರೆಗೆ ಕಂಡವರ ಮೂಳೆ. ನಲವತ್ತೆರಡು ತುಂಬಿತ್ತು, ಮದುವೆಯಾಗಿರಲಿಲ್ಲ. ಕಾಯಿಲೆಯ ಅಮ್ಮನನ್ನು ನೋಡಿಕೊಳ್ಳುವುದರಲ್ಲಿ ಆ ವಯಸ್ಸು ದಾಟಿತು, ಅಮ್ಮ ಹೋದ ಮೇಲೆ ಯಾರೂ ಆ ಮಾತೆತ್ತಲಿಲ್ಲ. ಹನ್ನೆರಡು ವರ್ಷಗಳಿಂದ ಸಂಜೆಯಾದರೆ ಈ ತೋಟ, ಇಲ್ಲಿನ ಮೂವತ್ತು ಪಾತಿಗಳಲ್ಲಿ ತನ್ನದೊಂದು ಪಾತಿ, ಅಷ್ಟೇ ಅವಳ ಸಂಸಾರ.

ಹೊಸಬರನ್ನು ಹಳಬರೊಬ್ಬರಿಗೆ ಒಂದು ವರ್ಷದ ಮಟ್ಟಿಗೆ ಒಪ್ಪಿಸುವುದು ಆ ಸಂಘದ ಪದ್ಧತಿ. ಕೇಳಿದ್ದನ್ನೆಲ್ಲ ಹೇಳಿಕೊಡಬೇಕು, ಹೊಸಬರ ಪಾತಿಯಲ್ಲಿ ಏನು ಕೆಟ್ಟರೂ ಕಲಿಸಿದವರೇ ಹೊಣೆ. ಟೈಲರನ ಪಾತಿ ಅವನ ಹೆಂಡತಿ ತೆಗೆದುಕೊಂಡದ್ದು. ಆಕೆ ಸಂಘಕ್ಕೆ ಸೇರಿದ್ದು ಹೋದ ವರ್ಷ ಚಳಿಗೆ ಸ್ವಲ್ಪ ಮೊದಲು. ನಾಲ್ಕೈದು ಸಲ ಬಂದಿದ್ದಳೇನೋ, ಅಷ್ಟರಲ್ಲೇ ಆಸ್ಪತ್ರೆ ಸೇರಿದಳು, ಚಳಿಗಾಲ ಮುಗಿಯುವ ಮೊದಲೇ ಹೋಗಿಬಿಟ್ಟಳು. ಪಾತಿ ಬೇರೆಯವರಿಗೆ ಕೊಡಬಹುದೇ ಎಂದು ಸಂಘದವರು ಕೇಳಿದಾಗ, ಬೇಡ, ತಾನೇ ನೋಡಿಕೊಳ್ಳುತ್ತೇನೆ ಎಂದಿದ್ದ.

ಮೊದಲ ಪಾಠ ಕಳೆ ಕೀಳುವುದು. ಬಿಸಿಲು ಆಗತಾನೇ ಬಲಿಯುತ್ತಿತ್ತು, ಪಾತಿಯ ತುಂಬ ಹಸಿರು ನುಗ್ಗಿತ್ತು. ಅವಳು ಮಂಡಿಯೂರಿ ಕೂತು, ಕೂದಲೆಳೆಯಂಥ ಎಲೆಯ ಒಂದು ಸಣ್ಣ ಸಸಿಯನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದಳು. ಈ ಜಾತಿಯ ಕಳೆ ಬಿಟ್ಟರೆ ಉಳಿಗಾಲವಿಲ್ಲ, ಬೇರು ತುಂಡಾಗದಂತೆ ಬುಡದಲ್ಲಿ ಹಿಡಿದು ಎಳೆಯಬೇಕು ಎಂದಳು. ಅವನು ಹೊಲಿಗೆ ಬಿಚ್ಚುವಷ್ಟು ನಾಜೂಕಾಗಿ ಒಂದೊಂದನ್ನೇ ಕಿತ್ತ. ಕತ್ತಲಾಗುವ ಹೊತ್ತಿಗೆ ಪಾತಿ ತೊಳೆದಿಟ್ಟ ಹಾಗಿತ್ತು. ಅವಳು ಶಹಬ್ಬಾಸ್ ಎಂದಳು, ಅವನು ಬಂದಾಗಿನಿಂದ ಮೊದಲ ಬಾರಿ ನಕ್ಕ.

ಹದಿನೈದು ದಿನ ಕಳೆದಿರಬೇಕು. ಒಂದು ಸಂಜೆ ಅವನು ಓಡಿಬಂದವನಂತೆ ಏದುಸಿರು ಬಿಡುತ್ತ ಬಂದ. ಅವನ ಜೊತೆಯಲ್ಲೇ ಇದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ಅಂದು ಬೆಳಿಗ್ಗೆ ಏನೋ ಮಾತಿಗೆ ಒಂದು ಸಂಗತಿ ಹೇಳಿದ್ದರಂತೆ. ತಮ್ಮ ಹಳೆಯ ಮನೆಯ ಹಿತ್ತಲಲ್ಲಿ ಪ್ರತಿ ವರ್ಷ ತಾನಾಗಿ ಅರಳುತ್ತಿದ್ದ ಒಂದು ನೀಲಿ ಹೂವಿತ್ತು. ಆ ಮನೆ ಮಾರಿದ ಮೇಲೆ ಹಿತ್ತಲಿಗೆ ಸಿಮೆಂಟ್ ಬಿತ್ತು. ಮಾರುವ ಮುಂಚೆ ಹೆಂಡತಿ ಇದ್ದಬದ್ದ ಬೀಜವನ್ನೆಲ್ಲ ಬಳಿದು ತಂದು, ಚಳಿಗೆ ಮೊದಲು ಈ ಪಾತಿಯಲ್ಲಿ ಎರಚಿದ್ದಳಂತೆ.

“ಹೂವಿನ ಸುತ್ತ ಹಸಿರು ಎಳೆ ಇರುತ್ತೆ, ಬಲೆಯೊಳಗೆ ಕೂತ ಹಾಗೆ. ಅದೊಂದನ್ನ ಇನ್ನೊಂದ್ಸಲ ನೋಡಬೇಕು ಮೇಡಂ. ಯಾವಾಗ ಬರುತ್ತೆ?”

ಆ ಹೂವು ಅವಳಿಗೆ ಗೊತ್ತು. ಅದರ ಸಸಿ ಹೇಗಿರುತ್ತದೆ ಎಂಬುದೂ, ತಡವಾಗಿ, ಆ ಕ್ಷಣದಲ್ಲಿ ಗೊತ್ತಾಯಿತು. ಹನ್ನೆರಡು ವರ್ಷ ಮಣ್ಣಾಡಿದ ಕೈ, ಎಳೆಯ ಸಸಿಗೂ ಕಳೆಗೂ ವ್ಯತ್ಯಾಸ ತಿಳಿಯದೆ ಹೋಯಿತಲ್ಲ. ಕಿತ್ತ ರಾಶಿ ಅಂದೇ ಗೊಬ್ಬರದ ಗುಂಡಿ ಸೇರಿ ಕೊಳೆತಿತ್ತು. ಹೇಳಿಬಿಡಬೇಕು ಎಂದು ಬಾಯಿ ತೆರೆದಳು. ಅವನ ಮುಖ ನೋಡಿ, ಇನ್ನೂ ಸಮಯವಿದೆ ಎಂದಳು.

ಅಂದಿನಿಂದ ಅವನು ದಿನವೂ ಬಂದು, ಪಾತಿಯ ಮೇಲೆ ಬಗ್ಗಿ ಮೊಳಕೆ ಹುಡುಕತೊಡಗಿದ. ನಾಲ್ಕನೆಯ ದಿನಕ್ಕೆ ಅವಳಿಗೆ ಅದನ್ನು ನೋಡಲಾಗಲಿಲ್ಲ. ಬೀಜದ ಅಂಗಡಿಗೆ ಹೋಗಿ ಅದೇ ಜಾತಿಯ ಹೂವಿನ ಎರಡು ಪೊಟ್ಟಣ ತಂದಳು. ಮರುದಿನ ಡ್ಯೂಟಿಗೆ ಹೋಗುವ ಮುನ್ನ, ತೋಟದಲ್ಲಿ ಯಾರೂ ಇಲ್ಲದಾಗ, ಅವನ ಪಾತಿಯ ತುಂಬ ಎರಚಿ ಮೇಲೆ ಮಣ್ಣು ಸವರಿದಳು. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡಳು. ಹಾಗೆ ಅಂದುಕೊಳ್ಳದೆ ಯಾರು ತಾನೇ ಸುಳ್ಳು ಹೇಳಿದ್ದಾರೆ?

ಮೊಳಕೆ ಬಂತು. ಅವನು ಅದರ ಸುತ್ತ ನಾಲ್ಕು ಗೂಟ ನೆಟ್ಟು ನೂಲು ಕಟ್ಟಿದ, ಯಾರೂ ತುಳಿಯದಿರಲಿ ಎಂದು.

ಬೇಸಿಗೆಯ ಸಂಜೆಗಳು ಉದ್ದವಾದವು, ಅವರ ಮಾತೂ ಉದ್ದವಾಯಿತು. ಅವನು ಹೆಂಡತಿಯ ವಿಷಯ ಹೇಳುತ್ತಿದ್ದ, ಅವಳು ತನ್ನ ಅಮ್ಮನ ವಿಷಯ ಹೇಳುತ್ತಿದ್ದಳು. ಒಂದು ದಿನ ಅವಳು ತಲೆಯೆತ್ತಿದಾಗ ಅವನ ಕಣ್ಣು ತನ್ನ ಮೇಲೇ ಇತ್ತು. ಭುಜದಿಂದ ಭುಜಕ್ಕೆ ಹೋಗಿ, ಕುತ್ತಿಗೆಯ ಹತ್ತಿರ ಸ್ವಲ್ಪ ನಿಂತು, ಮತ್ತೆ ಎಡಭುಜಕ್ಕೆ ಬಂತು.

“ಹಾಗೆಲ್ಲ ನೋಡಬೇಡಿ,” ಎಂದಳು.

“ನೋಡ್ತಿಲ್ಲ, ಅಳೀತಾ ಇದೀನಿ.”

“ಎರಡಕ್ಕೂ ಏನು ವ್ಯತ್ಯಾಸ?”

“ಅಳೆಯೋವಾಗ ನಾಚಿಕೆ ಆಗಲ್ಲ,” ಎಂದವನು ಕಿವಿಯವರೆಗೂ ಕೆಂಪಾದ. ನಿಮ್ಮ ಎಡಭುಜ ಒಂದು ಬೆರಳು ತಗ್ಗಿದೆ, ಏನು ಹೊರುತ್ತೀರಿ ಎಂದು ಕೇಳಿದ. ಎಕ್ಸ್‌ರೇ ಕೋಣೆಯಲ್ಲಿ ತೊಡುವ ಸೀಸದ ಏಪ್ರನ್ ಎಂದಳು. ಮುಂದಿನ ವಾರ ಅದರ ಪಟ್ಟಿಯ ಕೆಳಗೆ ಇಟ್ಟುಕೊಳ್ಳಲು ಒಂದು ಮೆತ್ತೆ ಹೊಲಿದು ತಂದ. ಹೊರಗೆ ಹತ್ತಿಬಟ್ಟೆ, ಒಳಗೆ ನಾಲ್ಕು ಪದರ ಉಣ್ಣೆ, ಕಾಣದ ಕಡೆಯೂ ಅಚ್ಚುಕಟ್ಟು ಹೊಲಿಗೆ. ಅವಳ ಭಾರವನ್ನು ಯಾರಾದರೂ ಗಮನಿಸಿದ್ದು ಅದೇ ಮೊದಲು. ಆ ರಾತ್ರಿ ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡು, ತಾನು ಅವನನ್ನು ಪ್ರೀತಿಸುತ್ತಿದ್ದೇನೆ ಎಂದು ಒಪ್ಪಿಕೊಂಡಳು. ಅದರ ಬೆನ್ನಿಗೇ ಪಾತಿಯ ನೆನಪಾಯಿತು. ನುಂಗಲೂ ಆಗದ, ಉಗುಳಲೂ ಆಗದ ಸಂಕಟ. ಗೊತ್ತಾದ ದಿನವೇ ಹೇಳಿದ್ದರೆ ಅದು ಬರೀ ತಪ್ಪಾಗುತ್ತಿತ್ತು, ಈಗ ಮೋಸವಾಗಿತ್ತು.

ಹೂವು ಬಿಟ್ಟವು, ಪಾತಿ ತುಂಬ ನೀಲಿ. ಟೈಲರ್ ಅತ್ತೆಯ ಕೈ ಹಿಡಿದು ಕರೆತಂದ. ಮುದುಕಿ ಬಗ್ಗಿ ಒಂದು ಹೂವನ್ನು ಬೆರಳಿಂದ ಎತ್ತಿ, ತುಂಬ ಹೊತ್ತು ನೋಡಿ, ಚೆನ್ನಾಗಿದೆ ಎಂದು ಮಾತ್ರ ಹೇಳಿ ದೂರದ ಬೆಂಚಿಗೆ ಹೋಗಿ ಕೂತರು. ಬಣ್ಣ ಮೊದಲಿಗಿಂತ ಸ್ವಲ್ಪ ಗಾಢವಾಗಿದೆ, ಹೊಸ ಮಣ್ಣಲ್ಲವೇ ಎಂದು ಅವನೇ ಕೇಳಿ, ಹೌದು ಹಾಗೇ ಇರಬೇಕು ಎಂದು ಅವನೇ ಉತ್ತರಿಸಿಕೊಂಡ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ಅವಳ ಕಡೆ ತಿರುಗಿದ.

“ಬೇಸಿಗೆಯಿಂದ ಒಂದು ಮಾತು ಹೇಳಬೇಕು ಅಂತಿದೀನಿ, ಅವಳಿಗೆ ಬೇಜಾರಾಗುತ್ತೇನೋ ಅಂತ ಬಾಯಿ ಬರ್ತಿರಲಿಲ್ಲ. ಈಗ ನೋಡಿ, ಇಷ್ಟು ಹೂವು ಬಿಟ್ಟಿದಾಳೆ. ಅವಳು ಒಪ್ಪಿದಾಳೆ ಅನ್ಸುತ್ತೆ. ನನ್ನ ಜೊತೆ ಬಾಳ್ತೀರಾ?”

ಹೂಂ ಎಂದರೆ ಸಾಕಿತ್ತು. ನಲವತ್ತೆರಡು ವರ್ಷ ಯಾರೂ ಕೇಳದ ಪ್ರಶ್ನೆ ಎದುರಿಗೆ ನಿಂತಿತ್ತು. ನಿಜ ಗೊತ್ತಿದ್ದದ್ದು ಅವಳೊಬ್ಬಳಿಗೆ, ಅವಳು ಬಾಯಿಗೆ ಬೀಗ ಹಾಕಿಕೊಂಡರೆ ಕೇಳುವವರೇ ಇಲ್ಲ. ಆದರೆ ಸತ್ತವಳ ಹೆಸರಲ್ಲಿ ತಾನೇ ರುಜು ಹಾಕಿದ ಒಪ್ಪಿಗೆ ಹಿಡಿದುಕೊಂಡು ಆ ಮನೆಯೊಳಗೆ ಕಾಲಿಡುವುದು ಹೇಗೆ? ಅವಳು ಹೇಳಿದಳು. ಕೂದಲೆಳೆಯ ಸಸಿ, ಗೊಬ್ಬರದ ಗುಂಡಿ, ಅಂಗಡಿಯ ಪೊಟ್ಟಣ, ಒಂದನ್ನೂ ಬಿಡದೆ ಹೇಳಿದಳು.

ಅವನು ತನ್ನ ಬೆರಳುಗಳನ್ನು ನೋಡಿಕೊಂಡ.

“ಯಾವಾಗ ಗೊತ್ತಾಯ್ತು ನಿಮಗೆ?”

“ನೀವು ಹೂವಿನ ವಿಷಯ ಹೇಳಿದ ದಿನಾನೇ.”

“ಗೊತ್ತಿಲ್ಲದೆ ಕೀಳಿಸಿದ್ರಿ, ಅದಿರಲಿ. ನಾನು ದಿನಾ ಬಂದು ಮೊಳಕೆ ಬಂತಾ ಅಂತ ಬಗ್ಗಿ ನೋಡ್ತಿದ್ದೆ. ಪಕ್ಕದಲ್ಲೇ ನಿಂತಿದ್ರಲ್ಲ ನೀವು.”

ಅವನ ದನಿ ಏರಲಿಲ್ಲ. ಅತ್ತೆಯನ್ನು ಎಬ್ಬಿಸಿಕೊಂಡು ಗೇಟು ದಾಟಿ ಹೋದ. ಅವಳು ಕ್ಷಮೆ ಕೇಳಿ ಎರಡು ಪತ್ರ ಬರೆದಳು, ಮೊದಲನೆಯದನ್ನು ಹರಿದಳು, ಎರಡನೆಯದನ್ನು ಕಳಿಸಿದಳು. ಉತ್ತರ ಬರಲಿಲ್ಲ.

ಹೂವು ಬಾಡಿ ಗಿಡ ಒಣಗಿತು. ಎರಡು ತಿಂಗಳು ಟೈಲರ್ ತೋಟದ ಕಡೆ ತಲೆ ಹಾಕಲಿಲ್ಲ. ಅವಳು ಮಾತ್ರ ಸಂಜೆ ಸಂಜೆ ಬಂದು ತನ್ನ ಪಾತಿಗೆ ನೀರು ಹಾಕಿ, ಅವನ ಪಾತಿಗೆ ಕೈ ಹಚ್ಚದೆ ಮನೆಗೆ ಹೋಗುತ್ತಿದ್ದಳು. ಅದನ್ನು ಮುಟ್ಟುವ ಹಕ್ಕು ತನಗಿಲ್ಲ ಎಂದು ಅವಳ ಲೆಕ್ಕ. ಗೇಟಿನ ಸದ್ದಾದಾಗಲೆಲ್ಲ ತಿರುಗಿ ನೋಡುವುದನ್ನು ಮಾತ್ರ ಬಿಡಲಾಗಲಿಲ್ಲ.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಎಕ್ಸ್‌ರೇ ಕೋಣೆಗೆ ಅವನ ಅತ್ತೆ ಬಂದರು. ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಊದಿತ್ತು. ಅಳಿಯ ಹೊರಗೆ ಕೂತಿದ್ದಾನೆ, ಒಳಗೆ ಬರಲೊಲ್ಲ ಎಂದರು. ಅವಳು ಆ ಕೈಯನ್ನು ಹೂವಿನ ಹಾಗೆ ಎತ್ತಿ ಮೇಜಿನ ಮೇಲಿಟ್ಟಳು.

“ಆ ಹೂವು ನನ್ನ ಮಗಳದ್ದಲ್ಲ ಅಂತ ನೋಡಿದ ಕೂಡಲೇ ಗೊತ್ತಾಯ್ತು ಕಣಮ್ಮ,” ಎಂದರು ಮುದುಕಿ. “ಅವಳ ಜೊತೆ ಕೂತು ಆ ಬೀಜ ಬಳಿದೋಳೇ ನಾನು. ಈಗ ನನ್ನ ಹತ್ರಾನೂ ಒಂದು ಕಾಳಿಲ್ಲ.”

“ಮತ್ತೆ ಯಾಕಜ್ಜಿ ಹೇಳಲಿಲ್ಲ?”

“ಅದರ ಹಿಂದಿನ ದಿನ ಮೊಗ್ಗು ನೋಡಿಬಂದು ಅವನು ಎರಡು ಸಲ ಬಡಿಸಿಕೊಂಡು ಉಂಡಿದ್ದ. ಮಗಳು ಹೋದ ಮೇಲೆ ಅದೇ ಮೊದಲು. ಅದನ್ನ ಕೆಡಿಸೋಕೆ ಮನಸ್ಸಾಗಲಿಲ್ಲ. ನಿನ್ನ ಸುಳ್ಳಿಗೆ ನನ್ನ ಮೌನಾನೂ ಸೇರ್ಕೊಂಡಿದೆ ಅಂತ ಅವನಿಗೂ ಹೇಳಿದೀನಿ.” ಯಂತ್ರದ ಕಡೆ ನೋಡಿ, “ಈಗ ಉಸಿರು ಹಿಡೀಬೇಕಾ?” ಎಂದರು.

ಕೈಗೆ ಬೇಡ ಎಂದು ಅವಳು ನಕ್ಕಳು, ನಗುತ್ತಲೇ ಅತ್ತಳು. ಮುದುಕಿ ಸರಿಯಿದ್ದ ಕೈಯಿಂದ ಅವಳ ಕೆನ್ನೆ ತಟ್ಟಿದರು. ಮೂಳೆ ತುಂಡಾಗಿರಲಿಲ್ಲ, ಸಣ್ಣ ಬಿರುಕು ಅಷ್ಟೇ.

ವರ್ಷದ ಕೊನೆಯ ಸಭೆ ಸಲಕರಣೆಯ ಶೆಡ್ಡಿನಲ್ಲಿ ನಡೆಯುತ್ತದೆ. ಗುದ್ದಲಿ, ಪಿಕಾಸಿಗಳನ್ನು ಗೋಡೆಗೆ ಸರಿಸಿ ಬೆಂಚು ಹಾಕುತ್ತಾರೆ. ಒಬ್ಬೊಬ್ಬರೂ ಎದ್ದು ಆ ವರ್ಷ ತಾವು ಮಾಡಿದ ದೊಡ್ಡ ತಪ್ಪು ಯಾವುದೆಂದು ಹೇಳಬೇಕು. ಉಳಿದವರು ನಕ್ಕು ಕಲಿಯಲಿ ಎಂದು ಕಾರ್ಯದರ್ಶಿ ಅದನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಾನೆ. ಒಬ್ಬ ಬೂದಿ ಎಂದು ಸಿಮೆಂಟ್ ಹಾಕಿದ್ದ, ಇನ್ನೊಬ್ಬಳು ಬಳ್ಳಿ ಸವರಲು ಹೋಗಿ ಬುಡವನ್ನೇ ಕತ್ತರಿಸಿದ್ದಳು. ಶೆಡ್ಡು ನಗುತ್ತಿದ್ದಾಗ ಟೈಲರ್ ಬಂದು ಬಾಗಿಲ ಬಳಿ ನಿಂತ. ಒಳಗೆ ನಡೀರಿ ಎಂದ ಕಂಡಕ್ಟರ್.

ಅವಳ ಸರದಿ ಬಂತು. ನನ್ನ ಕೈಗೆ ಒಪ್ಪಿಸಿದವರ ಪಾತಿಯಲ್ಲಿ ಅವರ ಹೆಂಡತಿ ಬಿತ್ತಿದ್ದ ಕೊನೆಯ ಹೂವನ್ನು ಕಳೆ ಎಂದು ಕೀಳಿಸಿದೆ, ಗೊತ್ತಾದ ಮೇಲೂ ಹೇಳದೆ ಅಂಗಡಿಯ ಬೀಜ ಎರಚಿದೆ ಎಂದಳು. ಯಾರೂ ನಗಲಿಲ್ಲ. ಬರೆಯುತ್ತಿದ್ದ ಪೆನ್ನು ನಿಂತಿತು.

“ನಂದೂ ಒಂದಿದೆ,” ಎಂದ ಟೈಲರ್. “ನೂಲಿನ ಬಣ್ಣ ಅರ್ಧ ಛಾಯೆ ತಪ್ಪಿದ್ರೂ ವಾಪಸ್ ಕಳಿಸೋನು ನಾನು. ಆ ಹೂವಿನ ಬಣ್ಣ ಬೇರೆ ಅಂತ ನೋಡಿದ ಕೂಡಲೇ ಕಂಡಿತ್ತು, ಕಂಡರೂ ಕಾಣದ ಹಾಗೆ ಇದ್ದೆ. ನನ್ನ ಆಸೆಗೆ ಸತ್ತವಳ ಒಪ್ಪಿಗೆ ಬೇಕಿತ್ತು. ಅದು ನನ್ನದೇ ಆಸೆ ಅಂತ ಹೇಳೋ ಧೈರ್ಯ ಇರಲಿಲ್ಲ. ಅದೂ ತಪ್ಪೇ, ಬರ್ಕೊಳ್ಳಿ.”

ಕಂಡಕ್ಟರ್, ಇದು ತೋಟಗಾರಿಕೆಯ ತಪ್ಪಿನ ಲೆಕ್ಕಕ್ಕೆ ಬರುವುದಿಲ್ಲ ಎಂದು ಪುಸ್ತಕ ಮುಚ್ಚಿದ.

ಸಭೆ ಮುಗಿದು ಜನ ಚದುರಿದ ಮೇಲೆ ಇಬ್ಬರೂ ಅವನ ಪಾತಿಯ ಮುಂದೆ ನಿಂತರು. ಅಲ್ಲಿ ಏನೂ ಇರಲಿಲ್ಲ, ಬರೀ ಮಣ್ಣು. ಅವನೇ ಮೊದಲು ಮಾತಾಡಿದ.

“ಅವಳ ಹೂವು ಹೋಯ್ತು. ಅದು ಇನ್ನು ಬರಲ್ಲ. ನನ್ನ ಅಳು ಇನ್ನೂ ಮುಗಿದಿಲ್ಲ. ಮುಗಿಯೋವರೆಗೂ ಕಾಯಿರಿ ಅಂತ ನಿಮಗೆ ಹೇಳೋದೂ ನ್ಯಾಯ ಅಲ್ಲ. ಆದ್ರೂ ಕೇಳ್ತೀನಿ, ನನ್ನ ಜೊತೆ ಬಾಳ್ತೀರಾ? ಈ ಸಲ ನಾನೇ ಕೇಳ್ತಿರೋದು, ಇನ್ಯಾರೂ ಅಲ್ಲ.”

“ಮುಗೀಲೇಬೇಕು ಅಂತ ಏನಿಲ್ಲ,” ಎಂದಳು ಅವಳು. “ನೀವು ಅಳೋವಾಗ ನಾನು ಪಕ್ಕದಲ್ಲಿರ್ತೀನಿ. ಆದ್ರೆ ಈ ಸಲ ಏನನ್ನೂ ಮುಚ್ಚಿಟ್ಟುಕೊಂಡು ನಿಲ್ಲಲ್ಲ.”

ಅವನು ತಲೆಯಾಡಿಸಿದ. ಅವಳ ಕೈ ಹಿಡಿದ. ಇಬ್ಬರ ಅಂಗೈಯೂ ಒರಟು, ಇಬ್ಬರದೂ ತಣ್ಣಗಿತ್ತು. ಸ್ವಲ್ಪ ಹೊತ್ತಿಗೆ ಬೆಚ್ಚಗಾಯಿತು. ಆಮೇಲೆ ಮನೆಯಲ್ಲಿ ಅತ್ತೆ ಕಾಯುತ್ತಿರುತ್ತಾರೆ, ಒಂದೇ ಕೈಯಲ್ಲಿ ಅಡುಗೆಗೆ ನಿಂತಿರುತ್ತಾರೆ ಎಂದು ಅವನು ಹೇಳಿದ, ಇಬ್ಬರೂ ಬೇಗ ಬೇಗ ನಡೆದರು.